ಓಡಿದರೆ ಬಿಸಿ, ನಿಂತರೆ ತಣ್ಣಗೆ: ಹಳೇ ಕಾರಿನ ಹೀಟರ್ ಸರಿಮಾಡಿದ ಬಗೆ

ನನ್ನ ಹಳೇ ಕಾರಿನ ಹೀಟರ್ ಓಡುವಾಗ ಚೆನ್ನಾಗಿ ಬಿಸಿ ಗಾಳಿ ಕೊಡುತ್ತಿತ್ತು. ಸಿಗ್ನಲ್‌ನಲ್ಲಿ ನಿಂತರೆ ತಣ್ಣಗಾಗುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಮತ್ತೆ ಬಿಸಿ. ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಬೇರೆ. ಕೇಳಿದವರೆಲ್ಲ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾದಾಗ ತೆರೆದು, ತಣಿಸುವ ದ್ರವವನ್ನು ರೇಡಿಯೇಟರ್‌ಗೆ ಬಿಡುವ ಕವಾಟ) ಬದಲಿಸು ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಅದು ತೆರೆದೇ ಉಳಿದಿದ್ದರೆ ವೇಗವಾಗಿ ಓಡುವಾಗಲೇ ಇಂಜಿನ್ ತಣಿದು, ಟೆಂಪರೇಚರ್ ಮುಳ್ಳು ಕೆಳಗಿಳಿಯಬೇಕು ಅಲ್ವಾ? ಇಲ್ಲಿ ಮುಳ್ಳು ನಡುವೆಯೇ ಇತ್ತು.

ಸುಮ್ನೆ ದುಡ್ಡು ಸುರಿಯುವ ಮೊದಲು ಬಾನೆಟ್ ಎತ್ತಿ, ಹೀಟರ್‌ಗೆ ಹೋಗಿಬರುವ ಎರಡು ಹೋಸ್ ಮುಟ್ಟಿ ನೋಡಿದೆ. ಇಂಜಿನ್ ಬಿಸಿಯಾಗಿರಬೇಕು, ಹೀಟರ್ ಪೂರ್ತಿ ಬಿಸಿಗೆ ತಿರುಗಿರಬೇಕು, ಕೈ ಬೆಲ್ಟ್ ಮತ್ತು ಫ್ಯಾನ್‌ನಿಂದ ದೂರ ಇರಬೇಕು. ಎರಡೂ ಹೋಸ್ ಬಿಸಿಯಿದ್ದೂ ಗಾಳಿ ತಣ್ಣಗಿದ್ದರೆ ಬಿಸಿ, ತಣ್ಣನೆ ಗಾಳಿಯ ದಾರಿ ಬದಲಿಸುವ ಒಳಗಿನ ಫ್ಲಾಪ್ ಅಥವಾ ಅದರ ಕೇಬಲ್ ನೋಡಬೇಕು. ನನ್ನದರಲ್ಲಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ಒಂದು ಸುಡುತ್ತಿತ್ತು, ಇನ್ನೊಂದು ಉಗುರುಬೆಚ್ಚಗಿತ್ತು. ರೇಸ್ ಮಾಡಿದರೆ ಎರಡೂ ಬಿಸಿ. ಅಂದರೆ ಹೀಟರ್ ಕೋರ್ (ಗಾಳಿ ಬಿಸಿಮಾಡುವ ಪುಟ್ಟ ರೇಡಿಯೇಟರ್) ಒಳಗೆ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಸರಿಯಾಗಿ ಹರಿಯುತ್ತಿಲ್ಲ.

ಇಂಜಿನ್ ಪೂರ್ತಿ ಆರಿದ ಮೇಲೆ ರೇಡಿಯೇಟರ್ ಮುಚ್ಚಳ ತೆಗೆದೆ. ಬಿಸಿಯಿದ್ದಾಗ ತೆಗೆದರೆ ಕೂಲೆಂಟ್ ಮುಖಕ್ಕೇ ಚಿಮ್ಮುತ್ತದೆ. ರೇಡಿಯೇಟರ್‌ನಲ್ಲಿ ಮಟ್ಟ ಇಳಿದಿತ್ತು, ಪಕ್ಕದ ಟ್ಯಾಂಕ್ ಮಾತ್ರ ತುಂಬಿತ್ತು! ಕಾರಣ ಮುಚ್ಚಳದಲ್ಲೇ ಇತ್ತು. ರಬ್ಬರ್ ಬಿರುಕುಬಿಟ್ಟು, ಇಂಜಿನ್ ಆರುವಾಗ ಟ್ಯಾಂಕಿನ ಕೂಲೆಂಟ್ ಬದಲು ಗಾಳಿ ಒಳಗೆ ಸೇರುತ್ತಿತ್ತು. ಆ ಗಾಳಿ ಹೀಟರ್ ಕೋರ್‌ನಲ್ಲಿ ಕೂರುತ್ತಿತ್ತು. ಐಡಲ್‌ನಲ್ಲಿ ನಿಧಾನ ತಿರುಗುವ ವಾಟರ್ ಪಂಪ್‌ಗೆ ಅದನ್ನು ತಳ್ಳುವ ಶಕ್ತಿಯಿಲ್ಲ.

ಹೋಸ್ ಬಿಚ್ಚಿ, ಕೋರ್‌ಗೆ ಹಿಂದುಮುಂದಾಗಿ ಸಣ್ಣ ಒತ್ತಡದಲ್ಲಿ ನೀರು ಬಿಟ್ಟೆ. ಕಂದು ಕೊಳೆ ಬಂತು. ಜೋರಾಗಿ ಬಿಟ್ಟರೆ ಹಳೇ ಕೋರ್ ಒಡೆಯಬಹುದು. ಹಳೇ ಕೂಲೆಂಟ್ ವಿಷ. ಪ್ರಾಣಿಗಳು ನೆಕ್ಕದಂತೆ ಪಾತ್ರೆಯಲ್ಲಿ ಹಿಡಿದಿಟ್ಟೆ. ಹಳೆಯದರಷ್ಟೇ ಒತ್ತಡ ತಡೆಯುವ ಹೊಸ ರೇಡಿಯೇಟರ್ ಮುಚ್ಚಳ ತಂದೆ. ಕೂಲೆಂಟ್, ಡಿಸ್ಟಿಲ್ಡ್ ವಾಟರ್ 50:50 ಬೆರೆಸಿ ತುಂಬಿದೆ.

ತಾಳ್ಮೆ ಬೇಕಾಗಿದ್ದು ಗಾಳಿ ತೆಗೆಯಲು. ಕಾರಿನ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು, ಹೀಟರ್ ಪೂರ್ತಿ ಬಿಸಿಗಿಟ್ಟು ಐಡಲ್‌ನಲ್ಲಿ ಬಿಟ್ಟೆ. ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 90 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ತೆರೆಯುತ್ತದೆ. ಆಗ ಗುಳ್ಳೆಗಳು ಎದ್ದವು, ಮಟ್ಟ ಇಳಿಯಿತು, ಮತ್ತೆ ತುಂಬಿದೆ. ಗುಳ್ಳೆ ನಿಂತ ಮೇಲೆ ಮುಚ್ಚಿದೆ. ನಿಲ್ಲದೇ ಬರುತ್ತಲೇ ಇದ್ದಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಮೇಲ್ಭಾಗ, ಕೆಳಭಾಗಗಳ ನಡುವಿನ ಸೀಲ್) ಮೇಲೆ ಅನುಮಾನ ಪಡಬೇಕಿತ್ತು, ಅದು ದೊಡ್ಡ ಕೆಲಸ.

ಈಗ ಸಿಗ್ನಲ್‌ನಲ್ಲೂ ಬಿಸಿ ಗಾಳಿ ಬರುತ್ತದೆ. ಹಳೇ ಥರ್ಮೋಸ್ಟಾಟೇ ಇನ್ನೂ ಇದೆ.