ವಜಾ ಆದ ನಿರ್ವಾಹಕರು ಕಾರ್ಮಿಕ ಇಲಾಖೆಗೆ ಅರ್ಜಿ ಹಾಕುವ ಕ್ರಮ

ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಶಿರಸಿ ವಿಭಾಗದಲ್ಲಿ ಕೆಲಸ ಕಳೆದುಕೊಂಡ ಚಾಲಕ, ನಿರ್ವಾಹಕರು ಮೊದಲು ನೋಡಬೇಕಾದ್ದು ವಜಾ ಆದೇಶದ ದಿನಾಂಕ. ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಅದರ ಪ್ರಕಾರ ಕೈಗಾರಿಕಾ ನ್ಯಾಯಮಂಡಳಿಗೆ ನೇರ ಅರ್ಜಿ ಹಾಕಲು ವಜಾ ಆದ ದಿನದಿಂದ 2 ವರ್ಷ ಮಾತ್ರ. ಹಳೆಯ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ 3 ವರ್ಷ ಇತ್ತು. ಸಂಸ್ಥೆಯೊಳಗಿನ ಮೇಲ್ಮನವಿಗೆ ಉತ್ತರ ಬರಲಿ ಅಂತ ಸುಮ್ಮನೆ ಕೂರಬೇಡಿ.

ಸಂಸ್ಥೆ ರಾಜ್ಯದ್ದು, ಹಾಗಾಗಿ ಕೇಂದ್ರದ ಕಾರ್ಮಿಕ ಕಚೇರಿಗೆ ಬರೆದು ಪ್ರಯೋಜನವಿಲ್ಲ. ಅರ್ಜಿ ಕಾರವಾರದ ಜಿಲ್ಲಾ ಕಾರ್ಮಿಕ ಅಧಿಕಾರಿಗೆ, ‘ರಾಜಿ ಸಂಧಾನಾಧಿಕಾರಿ’ ಎಂದೇ ವಿಳಾಸ ಬರೆದು ಹೋಗಬೇಕು. ಜೊತೆಗೆ ಆಪಾದನಾ ಪತ್ರ, ನಿಮ್ಮ ಉತ್ತರ, ವಿಚಾರಣಾ ವರದಿ, ವಜಾ ಆದೇಶ, ಕೊನೆಯ ಸಂಬಳ ಚೀಟಿಗಳ ನಕಲು ಇರಲಿ. ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಮಳೆಗಾಲದಲ್ಲಿ ಘಟ್ಟದ ರಸ್ತೆ ನಂಬಿ ಶಿರಸಿಯಿಂದ ಕೊನೇ ದಿನ ಹೊರಡುವುದಕ್ಕಿಂತ ಮೊದಲೇ ಸ್ಪೀಡ್ ಪೋಸ್ಟ್ ಮಾಡುವುದು ವಾಸಿ.

ಕಾರ್ಮಿಕ ಅಧಿಕಾರಿ ತೀರ್ಪು ಕೊಡುವುದಿಲ್ಲ, ಎರಡೂ ಕಡೆಯವರನ್ನು ಕರೆದು ರಾಜಿಗೆ ಯತ್ನಿಸುತ್ತಾರೆ, ಅಷ್ಟೇ. ಅರ್ಜಿ ಕೊಟ್ಟು 45 ದಿನವಾದರೂ ರಾಜಿ ಆಗದಿದ್ದರೆ ನೀವೇ ನ್ಯಾಯಮಂಡಳಿಗೆ ಹೋಗಬಹುದು. ಪ್ರತಿಯ ಮೇಲೆ ಹಾಕಿಸಿಕೊಂಡ ಆ ಸೀಲು ಬೇಕಾಗುವುದು ಆಗಲೇ.

ಟಿಕೆಟ್ ಕೊಡದ ಪ್ರಕರಣಗಳಲ್ಲಿ ಬಹಳ ಮಂದಿ ಜೋತುಬೀಳುವುದು ‘ಪ್ರಯಾಣಿಕರನ್ನು ಸಾಕ್ಷಿಗೆ ಕರೆಸಲಿಲ್ಲ’ ಎಂಬ ವಾದಕ್ಕೆ. 1977ರ ರತ್ತನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿಲ್ಲ. ತನಿಖಾ ಸಿಬ್ಬಂದಿಯ ಹೇಳಿಕೆಯೇ ಸಾಕಾಗಬಹುದು. ಅದರ ಬದಲು ವೇಬಿಲ್ಲು (ಟಿಕೆಟ್ ಮಾರಾಟದ ಲೆಕ್ಕದ ಹಾಳೆ), ಟಿಕೆಟ್ ಯಂತ್ರದ ದಾಖಲೆ, ಚೀಲದಲ್ಲಿ ಎಣಿಸಿದ ನಗದು ಒಂದಕ್ಕೊಂದು ತಾಳೆಯಾಗುತ್ತವೆಯೇ, ತನಿಖೆ ನಡೆದ ಸ್ಟೇಜು (ದರ ಬದಲಾಗುವ ನಿಲ್ದಾಣ) ಯಾವುದು, ಕೇಳಿದ ದಾಖಲೆಯನ್ನು ವಿಚಾರಣಾಧಿಕಾರಿ ಕೊಟ್ಟರೇ ಎಂಬುದನ್ನು ಹಿಡಿಯಿರಿ.

ಇನ್ನೊಂದು ಅಂಶ ಎಷ್ಟೋ ಸಲ ತಪ್ಪಿಹೋಗುತ್ತದೆ. ವಜಾ ಆದಾಗ ನಿಮಗೂ ಸಂಬಂಧಿಸಿದ ಸಂಬಳ ಅಥವಾ ಸೇವಾ ಷರತ್ತಿನ ವಿವಾದ ನ್ಯಾಯಮಂಡಳಿಯ ಮುಂದೆ ಬಾಕಿ ಇತ್ತೇ ಎಂದು ಯೂನಿಯನ್‌ನಲ್ಲಿ ವಿಚಾರಿಸಿ. ಇದ್ದಿದ್ದರೆ ಆ ವಿವಾದಕ್ಕೆ ಸಂಬಂಧವಿಲ್ಲದ ದುರ್ನಡತೆಗೆ ವಜಾ ಮಾಡುವಾಗಲೂ ಸಂಸ್ಥೆ ಒಂದು ತಿಂಗಳ ಸಂಬಳ ಕೊಟ್ಟು, ಮಂಡಳಿಯ ಅನುಮೋದನೆಗೆ ಅರ್ಜಿ ಹಾಕಬೇಕು. ಹಳೆಯ ಕಾಯ್ದೆಯ ಇದೇ ನಿಯಮದ ಬಗ್ಗೆ 2002ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು: ಅನುಮೋದನೆ ಇಲ್ಲದಿದ್ದರೆ ವಜಾ ಆಗೇ ಇಲ್ಲ. ಆ ಅರ್ಜಿಯ ಮತ್ತು ಹಣ ಪಾವತಿಯ ನಕಲಿಗಾಗಿ ಶಿರಸಿಯ ವಿಭಾಗೀಯ ಕಚೇರಿಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.