ಹೂತಿಟ್ಟ ಗೇಮ್ ಕ್ಯಾಸೆಟ್ ಹುಡುಕುವುದು ಹೇಗೆ: ಜೆಸಿಬಿ ಕರೆಸುವ ಮುಂಚಿನ ಕೆಲಸ

"ಅಲ್ಲೆಲ್ಲೋ ಹೂತಿದ್ದಾರಂತೆ" ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ನಮ್ಮ ಜನ ಮೊದಲು ವಿಚಾರಿಸುವುದು ಜೆಸಿಬಿ ಬಾಡಿಗೆ. ನಾನು ಚಿಕ್ಕಮಗಳೂರಿನಲ್ಲಿ ಲೈಸೆನ್ಸ್ ಇರುವ ಸರ್ವೆಯರ್. ಹದ್ದುಬಸ್ತು, ಪೋಡಿ ನನ್ನ ಹೊಟ್ಟೆಪಾಡು. ನಡುನಡುವೆ "ಸಾರ್, ನಮ್ಮ ತೋಟದಲ್ಲಿ ನಿಧಿ ಇದೆಯಂತೆ, ಒಂದ್ಸಲ ಮಿಷಿನ್ ಇಟ್ಟು ನೋಡಿ" ಅನ್ನುವವರೂ ಬರುತ್ತಾರೆ. ಕಾಫಿ ಕುಡಿಸಿ ವಾಪಸ್ ಕಳಿಸುತ್ತೇನೆ. ಆದರೆ ನನ್ನ ಅಕ್ಕನ ಮಗ ಮತ್ತು ಅವನ ಗೆಳೆಯರು ತಂದ ಕೇಸು ಬೇರೆ ಥರದ್ದು. ಕಡೂರು ರಸ್ತೆ ಕಡೆ ಗ್ರಾವೆಲ್ ತೆಗೆದ ಒಂದು ಹಳೇ ಗುಂಡಿ ಇದೆ. ಪೇಟೆಯ ಹೋಲ್‌ಸೇಲ್ ಅಂಗಡಿಯವರೊಬ್ಬರು ಟಿವಿ ಗೇಮ್ ಕ್ಯಾಸೆಟ್‌ಗಳನ್ನು ರಾಶಿಗಟ್ಟಲೆ ಅದರಲ್ಲಿ ಸುರಿದು ಮುಚ್ಚಿಸಿದರು ಅಂತ ಮಾತು. ಹುಡುಗರು ಆಗಲೇ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದರು. ಬೇಲೂರು, ಹಾಸನದಿಂದೆಲ್ಲ "ಯಾವತ್ತು ಅಗೀತೀರಾ, ನಾವೂ ಬರ್ತೀವಿ" ಅಂತ ಮೆಸೇಜು.

ಇಂಥ ಗುಂಡಿಯ ಬೆನ್ನು ಹತ್ತುವವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ನನ್ನ ಕಸುಬಿನ ಕಡೆಯಿಂದ ನೋಡಿದರೆ ಇದರಲ್ಲಿ ಮುಕ್ಕಾಲು ಪಾಲು ಕಾಗದದ ಕೆಲಸ. ಅಗೆಯುವುದು ಒಂದು ದಿನದ್ದು.

ಮಾತನ್ನು ಮೊದಲು ಕಾಗದಕ್ಕೆ ಇಳಿಸಿ

ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಅಲಮಗೋರ್ಡೊ ಅಂತ ಒಂದು ಸಣ್ಣ ಊರು. ವಿಡಿಯೋ ಗೇಮ್ ತಯಾರಿಸುತ್ತಿದ್ದ ಅಟಾರಿ ಕಂಪನಿ ತನ್ನ ಆಟದ ಕ್ಯಾಸೆಟ್‌ಗಳನ್ನು ಅಲ್ಲಿನ ಕಸದ ಗುಂಡಿಯಲ್ಲಿ ಹೂತಿದೆ ಅನ್ನುವ ಮಾತು 30 ವರ್ಷ ಓಡಾಡಿತು. ಹೇಳಿ ಹೇಳಿ ಕಥೆ ಊದಿಕೊಂಡಿತು. ಹತ್ತಾರು ಲಕ್ಷ ಕ್ಯಾಸೆಟ್, ಎಲ್ಲವೂ ಇ.ಟಿ. ಅನ್ನುವ ಒಂದೇ ಆಟದ್ದು, ಎಲ್ಲವನ್ನೂ ಜಜ್ಜಿ ಪುಡಿ ಮಾಡಿದ್ದಾರೆ ಅಂತ. ಇನ್ನು ಕೆಲವರು ಇದೆಲ್ಲ ಬರೀ ಪುಕಾರು ಅಂದರು. ಇ.ಟಿ. ಆಟವನ್ನು ಬರೆದ ಹೊವರ್ಡ್ ಸ್ಕಾಟ್ ವಾರ್ಷಾ ಅವರಿಗೇ ನಂಬಿಕೆ ಇರಲಿಲ್ಲ. 1982ರ ಕ್ರಿಸ್‌ಮಸ್ ಮಾರಾಟಕ್ಕೆ ಸಿಗಬೇಕು ಅಂತ ಅವರು ಐದೇ ವಾರದಲ್ಲಿ ಮುಗಿಸಿಕೊಟ್ಟ ಆಟ ಅದು. ಆಡಲು ಕೂತರೆ ಆಟದೊಳಗಿನ ಇ.ಟಿ. ಅನ್ನುವ ಪಾತ್ರ ಪದೇ ಪದೇ ಗುಂಡಿಗೆ ಬೀಳುತ್ತಿತ್ತು. ಜನ ಬೈದರು, ಅಂಗಡಿಗಳಿಂದ ಮಾಲು ವಾಪಸ್ ಬಂತು. 1983ರಲ್ಲಿ ಅಟಾರಿಗೆ ಆದ ನಷ್ಟ 50 ಕೋಟಿ ಡಾಲರ್‌ಗಿಂತ ಜಾಸ್ತಿ.

2014ರ ಏಪ್ರಿಲ್ 26ರಂದು ಅಗೆದಾಗ ಕಂಡದ್ದೇನು? ಕ್ಯಾಸೆಟ್ ನಿಜಕ್ಕೂ ಇತ್ತು. ಆದರೆ ಹೊರಗೆ ಬಂದ ಸುಮಾರು 1,300ರಲ್ಲಿ ಇ.ಟಿ. ಹತ್ತರಲ್ಲಿ ಒಂದು ಪಾಲಿನಷ್ಟು. ಉಳಿದದ್ದು ಬೇರೆ ಬೇರೆ ಆಟ. ಡಬ್ಬಿ ಸಮೇತ ಚೆನ್ನಾಗಿಯೇ ಇದ್ದವೂ ಸಿಕ್ಕಿದವು. ಒಟ್ಟು 7,28,000 ಹೂತಿದ್ದೆವು ಅಂತ ಅಟಾರಿಯ ಒಬ್ಬ ಹಳೇ ಅಧಿಕಾರಿಯೇ ಹೇಳಿದರು. ಅಂದರೆ ಬಹುಪಾಲು ಇನ್ನೂ ಮಣ್ಣಿನಡಿಯೇ ಇದೆ.

ಹಾಗಾಗಿ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಯಾರು ಹೇಳಿದರು, ಅವರಿಗೆ ಯಾರು ಹೇಳಿದರು, ತಾನೇ ಕಂಡದ್ದಾ, ಕೇಳಿದ್ದಾ, ಇದಿಷ್ಟನ್ನು ಬರೆಯಿರಿ. ನಮ್ಮ ಹುಡುಗರ ಪಟ್ಟಿಯಲ್ಲಿ ಒಬ್ಬರ ಪ್ರಕಾರ ಮಾಲು ಒಂದು ಲಾರಿ, ಇನ್ನೊಬ್ಬರ ಪ್ರಕಾರ ಎರಡು ಲಾರಿ. ರೈಡ್ ಆಗುತ್ತದೆ ಅಂತ ರಾತ್ರೋರಾತ್ರಿ ಹೂತರು ಅಂತ ಮತ್ತೊಬ್ಬರು. ಎಲ್ಲರೂ ಕೇಳಿದವರೇ. ಕಂಡವರ ಕಾಲಂ ಖಾಲಿ.

ಆಮೇಲೆ ಹಳೇ ಪತ್ರಿಕೆ ನೋಡಿ. ಅಲಮಗೋರ್ಡೊ ವಿಷಯ ಮೊದಲಿಂದಲೂ ಅಚ್ಚಾಗಿಯೇ ಇತ್ತು ಅನ್ನುವುದು ತಮಾಷೆ. 1983ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸ್ಥಳೀಯ ಪತ್ರಿಕೆ ಬರೆದಿತ್ತು, ನ್ಯೂಯಾರ್ಕ್ ಟೈಮ್ಸ್‌ನಲ್ಲೂ ಬಂದಿತ್ತು. ಪಕ್ಕದ ಟೆಕ್ಸಾಸ್ ರಾಜ್ಯದ ಎಲ್ ಪಾಸೊ ಗೋಡೌನಿನಿಂದ 14 ಲಾರಿ ಮಾಲು ಬಂತು ಅಂತ ಲೆಕ್ಕ ಸಮೇತ. ಜನ ಅದನ್ನು ಓದಲಿಲ್ಲ, ಕಥೆ ಕೇಳಿದರು ಅಷ್ಟೇ. ನಮ್ಮಲ್ಲೂ ಜಿಲ್ಲಾ ಪತ್ರಿಕೆಗಳ ಹಳೇ ಬೈಂಡು ಕೇಂದ್ರ ಗ್ರಂಥಾಲಯದಲ್ಲೋ, ಪತ್ರಿಕೆಯ ಆಫೀಸಿನಲ್ಲೋ ಇದ್ದರೆ ಕೇಳಿ ನೋಡಿ. ಧೂಳಿಗೆ ಒಂದು ಕರ್ಚೀಫು ಇಟ್ಟುಕೊಳ್ಳಿ.

ಹೊತ್ತವರನ್ನು ಹುಡುಕಿ, ಕದ್ದವರನ್ನೂ ಹುಡುಕಿ

ಸಾಕ್ಷಿಗೆ ಅಂಗಡಿ ಮಾಲೀಕರ ಬೆನ್ನು ಹತ್ತಬೇಡಿ. ಅವರಿಗೆ ನೆನಪಿರುವುದಿಲ್ಲ, ಇದ್ದರೂ ಹೇಳುವುದಿಲ್ಲ. ಅಲಮಗೋರ್ಡೊದಲ್ಲಿ ಜಾಗ ತೋರಿಸಿದ್ದು ಜೋ ಲೆವಾಂಡೊವ್‌ಸ್ಕಿ. ಅವರು ಅಲ್ಲಿಯ ಕಸ ಸಾಗಿಸುವ ಗುತ್ತಿಗೆದಾರರು. ಗುಂಡಿ ಅವರ ದಿನನಿತ್ಯದ ಕೆಲಸದ ಜಾಗ. ಹಳೇ ಫೋಟೊಗಳನ್ನು ಹಿಡಿದು ವರ್ಷಗಟ್ಟಲೆ ಕೂತು ಸ್ಥಳ ಗುರುತು ಮಾಡಿದರು.

ನಮಗೆ ಸಿಕ್ಕಿದವರು ಆ ಬೀದಿಯಲ್ಲಿ ಹಮಾಲಿ ಮಾಡುತ್ತಿದ್ದ ಒಬ್ಬ ಅಜ್ಜ. ಹುಡುಗರು "ಅಜ್ಜಾ, ಎಷ್ಟು ಲಾರಿ ಬಂದಿತ್ತು?" ಅಂದರು. ಅಜ್ಜ ನಕ್ಕುಬಿಟ್ಟರು. "ಲಾರಿ ಎಲ್ಲಿಂದ ಬರ್ಬೇಕಪ್ಪ. ಒಂದು ಗೂಡ್ಸ್ ಆಟೋ. ಕಾಫಿ ಚೀಲದಲ್ಲಿ ತುಂಬಿದ್ವಿ. ಭಾರನೇ ಇರ್ಲಿಲ್ಲ." ನನಗೆ ಇಡೀ ಕಥೆಯ ಮೇಲೆ ನಂಬಿಕೆ ಬಂದದ್ದು ಆ ಕೊನೆಯ ಮಾತಿನಿಂದ. ಸುಳ್ಳು ಹೇಳುವವರು ಭಾರ ಜಾಸ್ತಿ ಮಾಡುತ್ತಾರೆ. ಟಿವಿ ಗೇಮ್ ಕ್ಯಾಸೆಟ್ ಬಿಚ್ಚಿ ನೋಡಿದವರಿಗೆ ಗೊತ್ತು, ಒಳಗೆ ಅಂಗೈಯ ಅರ್ಧದಷ್ಟು ಬೋರ್ಡು, ಮಿಕ್ಕಿದ್ದೆಲ್ಲ ಗಾಳಿ.

ಸಾಕ್ಷಿಗೆ ಪ್ರಶ್ನೆಯಲ್ಲೇ ಉತ್ತರ ಕೊಡಬೇಡಿ. "ಎಷ್ಟು ಲಾರಿ" ಅನ್ನುವುದೇ ತಪ್ಪು ಪ್ರಶ್ನೆ. "ಅವತ್ತು ಏನಾಯ್ತು ಹೇಳಿ ಅಜ್ಜ" ಅನ್ನಿ, ಸುಮ್ನೆ ಕೂತುಕೊಳ್ಳಿ. ಆಮೇಲೆ ಗಾಡಿ ಯಾವ ಕಡೆಯಿಂದ ಇಳಿಯಿತು, ನೆಲ ಒದ್ದೆ ಇತ್ತಾ, ಪಕ್ಕದಲ್ಲಿ ಏನು ಬೆಳೆ ಇತ್ತು ಅಂತ ಕೇಳಿ. ಹೆಸರು, ಇಸವಿ ಮರೆತವರಿಗೂ ಬೆಳೆ ನೆನಪಿರುತ್ತದೆ.

ಇನ್ನೊಂದು ಜಾತಿಯ ಸಾಕ್ಷಿ, ಆಗ ಕದಿಯಲು ಹೋದ ಮಕ್ಕಳು. ಅಲಮಗೋರ್ಡೊದ ಮಕ್ಕಳು ಗುಂಡಿಗೆ ನುಗ್ಗಿ ಕ್ಯಾಸೆಟ್ ಎತ್ತಿಕೊಂಡು ಹೋಗುತ್ತಿದ್ದರು. ಅದಕ್ಕೇ ಮೇಲೆ ಕಾಂಕ್ರೀಟ್ ಸುರಿಸಬೇಕಾಯಿತು. ನಮ್ಮ ಗುಂಡಿಗೂ ಹಾಗೆ ಇಳಿದಿದ್ದ ಒಬ್ಬರು ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಡ್ರಾಯರ್‌ನಿಂದ ಒಂದು ಹಳದಿ ಕ್ಯಾಸೆಟ್ ತೆಗೆದು ಟೇಬಲ್ ಮೇಲಿಟ್ಟರು. ಲೇಬಲ್ಲಿನಲ್ಲಿ ಸಾಲಾಗಿ ಒಂಬತ್ತುಗಳು, "ಇನ್ 1" ಅಂತ. ಒಳಗೆ ನಾಲ್ಕಾರು ಆಟವೇ ಬೇರೆ ಬೇರೆ ಹೆಸರಿನಲ್ಲಿ ಬರುತ್ತದೆ ಅನ್ನುವುದು ಆ ಕಾಲದ ಎಲ್ಲ ಮಕ್ಕಳಿಗೂ ಗೊತ್ತಿದ್ದ ಮೋಸ. ನಾನು ಕ್ಯಾಸೆಟ್ಟಿನ ಮೂತಿ ತಿರುಗಿಸಿ ನೋಡಿದೆ. ಪಿನ್ನುಗಳ ಸಂದಿಯಲ್ಲಿ ಕೆಂಪು ಮಣ್ಣು, ಒಣಗಿ ಕಲ್ಲಾಗಿದೆ. ಆ ಗುಂಡಿಯ ಅಂಚಿನ ಮಣ್ಣೂ ಅದೇ ಬಣ್ಣ. ಹಾಗಂತ ಅಷ್ಟಕ್ಕೇ ಸಾಬೀತಾಯಿತು ಅನ್ನಲ್ಲ, ಆ ಸೀಮೆಯಲ್ಲಿ ಕೆಂಪು ಮಣ್ಣಿಗೇನು ಬರ?

ಹಳೇ ಫೋಟೊದಿಂದ ಜಾಗ ಹಿಡಿಯುವುದು

ಇದು ನನ್ನ ಇಷ್ಟದ ಭಾಗ. ಸ್ವಲ್ಪ ಉದ್ದ ಹೇಳುತ್ತೇನೆ.

ಗುಂಡಿ ಮುಚ್ಚಿ ಹೊಲವಾಗಿದೆ. ಅಂಚು ಒಂದು ಕಡೆ ಮಾತ್ರ ಉಳಿದಿದೆ. ಜಮೀನಿನವರ ಮನೆಯ ಆಲ್ಬಂನಲ್ಲಿ ಹೊಸ ಟ್ರ್ಯಾಕ್ಟರಿಗೆ ಆಯುಧಪೂಜೆ ಮಾಡಿದ ಫೋಟೊ ಸಿಕ್ಕಿತು. ಮುಂದೆ ಬಾಳೆಕಂದು ಕಟ್ಟಿದ ಟ್ರ್ಯಾಕ್ಟರ್. ಹಿಂದೆ ಗುಂಡಿಯ ಬಾಯಿ. ಅದರಾಚೆ ಕರೆಂಟ್ ಕಂಬ, ಪಂಪ್‌ಸೆಟ್ ಮನೆ, ಹುಣಸೆಮರ. ದೂರದಲ್ಲಿ ಗಿರಿ ಸಾಲು.

ಫೋಟೊದಲ್ಲಿ ಒಂದರ ಹಿಂದೊಂದು ನೇರ ನಿಂತಿರುವ ಜೋಡಿ ಹುಡುಕಿ. ನಮ್ಮದರಲ್ಲಿ ಕಂಬದ ತುದಿ ಸರಿಯಾಗಿ ಮುಳ್ಳಯ್ಯನಗಿರಿಯ ನೆತ್ತಿಗೆ ತಾಗಿತ್ತು. ಹೊಲಕ್ಕೆ ಹೋಗಿ, ಕಂಬ ಮತ್ತು ಶಿಖರ ಮತ್ತೆ ಹಾಗೇ ಕೂಡುವ ತನಕ ಪಕ್ಕಕ್ಕೆ ನಡೆಯಿರಿ. ಎರಡು ಹೆಜ್ಜೆ ಆಚೀಚೆ ಆದರೂ ಕಂಬ ಶಿಖರದಿಂದ ಸರಿಯುತ್ತದೆ. ಕೂಡಿದ ಕಡೆ ಗೂಟ ಹೊಡೆಯಿರಿ. ಅದೇ ನೇರದಲ್ಲಿ ಹಿಂದೆ ಹೋಗಿ ಇನ್ನೊಂದು ಗೂಟ. ಇದು ಒಂದು ಗೆರೆ. ಎರಡನೇ ಜೋಡಿ, ಪಂಪ್‌ಸೆಟ್ ಮನೆಯ ಮೂಲೆ ಮತ್ತು ಹುಣಸೆಮರದ ಬೊಡ್ಡೆ. ಅದಕ್ಕೊಂದು ಗೆರೆ. ಎರಡು ಗೆರೆ ಕತ್ತರಿಸಿದ ಜಾಗದಲ್ಲಿ ಕ್ಯಾಮೆರಾ ಹಿಡಿದವರು ನಿಂತಿದ್ದರು. ಹುಡುಗರು ಅಲ್ಲೇ ಹಾರೆ ಹಾಕಲು ಹೊರಟರು. ತಡೆದೆ. ಅದು ಫೋಟೊ ತೆಗೆದ ಜಾಗ, ಗುಂಡಿ ಅಲ್ಲ! ಅಲ್ಲಿ ನಿಂತು, ಫೋಟೊದಲ್ಲಿ ಗುಂಡಿಯ ಎಡ ಅಂಚು, ಬಲ ಅಂಚು ಯಾವುದರ ನೇರಕ್ಕಿವೆ ನೋಡಿ ಇನ್ನೆರಡು ಗೆರೆ ಎಳೆಯಬೇಕು. ಗುಂಡಿ ಆ ಎರಡರ ನಡುವಿನ ಪಟ್ಟಿಯಲ್ಲಿದೆ. ಎಷ್ಟು ದೂರ ಅಂತ ತಿಳಿಯಲು ಬೇರೆ ಕಡೆಯಿಂದ ತೆಗೆದ ಇನ್ನೊಂದು ಫೋಟೊ ಬೇಕು.

ಹಾಗೆ ಸಿಗದಿದ್ದರೆ ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದು ಹಳೇ ವರ್ಷದ ಚಿತ್ರಗಳಿಗೆ ಹಿಂದೆ ಹೋಗಿ. ಬೋಳು ಮಣ್ಣು ಮೇಲಿಂದ ಬೇರೆ ಬಣ್ಣದಲ್ಲಿ ಕಾಣುತ್ತದೆ. ಕಂಬ ಈಚೆಗೆ ಬದಲಾಗಿದೆಯಾ ಅಂತ ಲೈನ್‌ಮ್ಯಾನ್‌ಗೆ ಕೇಳಿಕೊಳ್ಳಿ. ಈ ಕೆಲಸವನ್ನು ಮಳೆಗಾಲದಲ್ಲಿ ಇಟ್ಟುಕೊಳ್ಳಬೇಡಿ, ಮೋಡ ಹೊದ್ದುಕೊಂಡ ಗಿರಿ ವಾರಗಟ್ಟಲೆ ಕಾಣುವುದೇ ಇಲ್ಲ.

ನೆಲವೂ ಅಷ್ಟಿಷ್ಟು ಹೇಳುತ್ತದೆ. ತುಂಬಿದ ಮಣ್ಣು ಕುಸಿಯುತ್ತದೆ. ಮಳೆ ನಿಂತ ಮೇಲೆ ಅಲ್ಲಿ ನೀರು ನಿಲ್ಲುತ್ತದೆ, ರಾಗಿ ಪೈರಿನ ಎತ್ತರ ಹೆಚ್ಚುಕಮ್ಮಿ ಆಗುತ್ತದೆ. ಬಿಸಿಲು ಓರೆ ಇರುವ ಬೆಳಿಗ್ಗೆ ಹೋದರೆ ಕಣ್ಣಿಗೇ ಕಾಣುತ್ತದೆ. ಮೆಟಲ್ ಡಿಟೆಕ್ಟರ್‌ಗೆ ದುಡ್ಡು ಹಾಕಬೇಡಿ. ಪ್ಲಾಸ್ಟಿಕ್ ಕ್ಯಾಸೆಟ್‌ಗಿಂತ ಮೊದಲು ಲಾಳ, ಮೊಳೆ, ಬಾಟಲಿ ಮುಚ್ಚಳಕ್ಕೇ ಅದು ಕೂಗುತ್ತದೆ.

ಯಾರ ಜಾಗ, ಯಾರ ಅಪ್ಪಣೆ

ದಿಶಾಂಕ್ ಆಪ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ಬರುತ್ತದೆ. ಆದರೆ ಫೋನು ನಾಲ್ಕಾರು ಮೀಟರ್ ಆಚೀಚೆ ತೋರಿಸುತ್ತದೆ. ಗಡಿ ಹತ್ತಿರವಾದರೆ ಟಿಪ್ಪಣಿ (ಹಳೇ ಅಳತೆಯ ನಕ್ಷೆ) ತೆಗೆಸಿ ಅಳತೆ ಮಾಡಿಸಿ. ಪಹಣಿ ನೋಡಿ. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಗೋಮಾಳವಾದರೆ ತಹಶೀಲ್ದಾರ್ ಆಫೀಸು. ನಗರಸಭೆಯ ಕಸದ ಜಾಗವಾದರೆ ಕೈ ಹಾಕಬೇಡಿ, ಒಳಗೆ ಗ್ಯಾಸ್ ಇರುತ್ತದೆ, ಇನ್ನೇನಿದೆಯೋ. ಅಲಮಗೋರ್ಡೊದಲ್ಲಿ 2013ರಲ್ಲೇ ಊರಿನ ಆಡಳಿತ ಒಪ್ಪಿತ್ತು. ಕಸ ಅಗೆಯುವ ಯೋಜನೆಯನ್ನು ಸರಿಯಾಗಿ ಕೊಡಿ ಅಂತ ರಾಜ್ಯದ ಪರಿಸರ ಇಲಾಖೆ ಕೂತಿತು, ಕೆಲಸ ಮುಂದಿನ ವರ್ಷಕ್ಕೆ ಹೋಯಿತು. ಈ ಕೆಲಸದ ಬೆನ್ನಿಗೆ ಮೈಕ್ರೋಸಾಫ್ಟ್ ದುಡ್ಡು ಹಾಕಿದ ಡಾಕ್ಯುಮೆಂಟರಿ ತಂಡ ಇತ್ತು, ಆದರೂ ಕಾದರು.

ಚಿಕ್ಕಮಗಳೂರು, ಹಾಸನ ಈ ನಮ್ಮ ಎರಡು ಜಿಲ್ಲೆಗಳಲ್ಲಿ ಇನ್ನೊಂದು ಗಂಡಾಂತರ ಇದೆ. ಬೇಲೂರು, ಹಳೇಬೀಡು, ಬೆಳವಾಡಿ ಅಂತ ಹೊಯ್ಸಳರ ಗುಡಿಗಳು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್ ಒಳಗೆ ಏನೂ ಮಾಡುವಂತಿಲ್ಲ. ಅದರಾಚೆ ಮತ್ತೆ 200 ಮೀಟರ್ ತನಕ ಅನುಮತಿ ಬೇಕು. ಅಗೆಯುವಾಗ ಕ್ಯಾಸೆಟ್ ಬದಲು ಹಳೇ ನಾಣ್ಯ, ಕೆತ್ತಿದ ಕಲ್ಲು ಸಿಕ್ಕರೆ ಕೆಲಸ ಅಲ್ಲಿಗೇ ನಿಲ್ಲಿಸಿ ಜಿಲ್ಲಾಧಿಕಾರಿಗೆ ತಿಳಿಸಿ. ರಾತ್ರಿ ಹೊತ್ತು ಹಾರೆ ಹಿಡಿದು ಹೊಲಕ್ಕೆ ಹೋದರೆ ನಿಧಿಗಳ್ಳರು ಅಂತಲೇ ಹಿಡಿಯುತ್ತಾರೆ. ನಾವು ಬಂದದ್ದು ವಿಡಿಯೋ ಗೇಮ್‌ಗೆ ಅಂದರೆ ಯಾರು ನಂಬುತ್ತಾರೆ?

ಅಗೆಯುವ ದಿನ

ಜನ ಬಂದೇ ಬರುತ್ತಾರೆ. ಅಲಮಗೋರ್ಡೊದಲ್ಲಿ ಧೂಳು ಬಿರುಗಾಳಿ ಎದ್ದರೂ ನೂರಾರು ಜನ ಕಾದು ನಿಂತಿದ್ದರು. ಹಗ್ಗ ಕಟ್ಟಿ, ಗುಂಡಿಯ ಬಾಯಿಯಿಂದ ದೂರ ನಿಲ್ಲಿಸಿ. ಅಲ್ಲಿ ಮಾಲು ಸಿಕ್ಕಿದ್ದು ಸುಮಾರು 30 ಅಡಿ ಕೆಳಗೆ. ನಮ್ಮ ಸಾಮಾನ್ಯ ಜೆಸಿಬಿಯ ಕೈ ಅದರ ಅರ್ಧ ಆಳಕ್ಕೆ ಮುಟ್ಟಿದರೆ ಹೆಚ್ಚು. ಅದಕ್ಕಿಂತ ಕೆಳಗೆ ಹಿಟಾಚಿ ಬೇಕು, ಬದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೆಗೆಯಬೇಕು. ತುಂಬಿದ ಮಣ್ಣಿನ ಗೋಡೆ ಹೇಳದೆ ಕೇಳದೆ ಕುಸಿಯುತ್ತದೆ. ಸೆಲ್ಫಿಗೆ ಅಂತ ಯಾರನ್ನೂ ಒಳಗೆ ಇಳಿಸಬೇಡಿ.

ಮೊದಲ ಚೀಲ ಕಂಡ ಕೂಡಲೇ ಬಕೆಟ್ ನಿಲ್ಲಿಸಿ. ಟೇಪಿನಲ್ಲಿ ಆಳ ಅಳೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಅಲಮಗೋರ್ಡೊದಲ್ಲಿ ಈ ಕೆಲಸಕ್ಕೆ ಪುರಾತತ್ವದವರೇ ನಿಂತಿದ್ದರು. ಆಮೇಲೆ ಊರಿನ ಆಡಳಿತ ಒಂದೊಂದಕ್ಕೂ ಟ್ಯಾಗ್, ಸರ್ಟಿಫಿಕೇಟ್ ಹಾಕಿ ಇಬೇ ಅನ್ನುವ ಆನ್‌ಲೈನ್ ಸಂತೆಯಲ್ಲಿ ಮಾರಿತು. 881 ಆಟಗಳಿಗೆ ಒಂದು ಲಕ್ಷ ಡಾಲರ್ ದಾಟಿತು. ಒಂದು ಇ.ಟಿ. ಒಂದೂವರೆ ಸಾವಿರ ಡಾಲರಿಗೆ ಹೋಯಿತು. ಇನ್ನೊಂದು ಸ್ಮಿತ್ಸೋನಿಯನ್ ಮ್ಯೂಸಿಯಮ್ ಸೇರಿತು. ಯೋಚನೆ ಮಾಡಿ, ಅದೇ ಆಟ ಹಳೇ ಸಾಮಾನಿನ ಅಂಗಡಿಯಲ್ಲಿ ಪುಡಿಗಾಸಿಗೆ ಸಿಗುತ್ತಿತ್ತು. ಕೊಂಡವರು ದುಡ್ಡು ಕೊಟ್ಟದ್ದು ಆ ಟ್ಯಾಗಿಗೆ. ನಿಮ್ಮ ಕ್ಯಾಸೆಟ್‌ಗೆ ಎಲ್ಲಿ, ಎಷ್ಟು ಆಳದಲ್ಲಿ, ಯಾರ ಎದುರಿಗೆ ಸಿಕ್ಕಿತು ಅನ್ನುವ ಬರಹ ಇಲ್ಲದಿದ್ದರೆ ಅದು ಗುಜರಿ.

ಸಿಕ್ಕ ಕ್ಯಾಸೆಟ್ಟನ್ನು ನೆರಳಲ್ಲಿ ಒಣಗಿಸಿ. ಅಲ್ಲೇ ಟಿವಿಗೆ ಹಾಕಿ ಕರೆಂಟ್ ಕೊಡಬೇಡಿ, ಒದ್ದೆ ಬೋರ್ಡು ಸುಟ್ಟುಹೋಗುತ್ತದೆ. ಯಾರಿಗೆಷ್ಟು ಅನ್ನುವುದನ್ನು ಅಗೆಯುವ ಮುಂಚೆಯೇ ಬರೆದು ಸಹಿ ಹಾಕಿಸಿ. ನಮ್ಮ ಹುಡುಗರು ಈ ಕರಾರನ್ನು ಹಿಡಿದು ಜಮೀನಿನವರ ಹತ್ತಿರ ಹೋದರು. ಅವರು ಕ್ಯಾಸೆಟ್ ವಿಷಯಕ್ಕೆ ಬರಲೇ ಇಲ್ಲ. "ನಂಗೇನು ಬೇಡ, ಅದನ್ನೆಲ್ಲ ನೀವೇ ಇಟ್ಕೊಳ್ಳಿ. ರಾಗಿ ಕೊಯ್ಲು ಆದ್ಮೇಲೆ ಬನ್ನಿ. ಮೇಲ್ಮಣ್ಣು ಬೇರೆ ರಾಶಿ ಹಾಕ್ಬೇಕು, ಮುಚ್ಚುವಾಗ ಅದೇ ಮೇಲೆ ಬರ್ಬೇಕು" ಅಂದರು. ಕರಾರಿನಲ್ಲಿ ಅದನ್ನೇ ಒಂದನೇ ಷರತ್ತಾಗಿ ಸೇರಿಸಿದ್ದೇವೆ.