ಇಂಗ್ಲೆಂಡಿನಲ್ಲಿ ಮಣ್ಣು ಮಾಡುವುದು: ಜಾಗ ಯಾರ ಹೆಸರಿಗೆ, ಕಲ್ಲಿಗೆ ಯಾರ ಸಹಿ

ಹಾವೇರಿ ಕಡೆಯ ಒಂದು ಕುಟುಂಬ. ಮಗನ ಮನೆಗೆಂದು ಬಂದಿದ್ದ ಅಮ್ಮ ಇಂಗ್ಲೆಂಡಿನಲ್ಲೇ ತೀರಿಕೊಂಡರು. ಲಿಂಗಾಯತರು, ಹಾಗಾಗಿ ಮಣ್ಣು ಮಾಡಬೇಕು. ಮಗನಿಗೆ ಕೈಕಾಲೇ ಆಡಲಿಲ್ಲ. ಭಾವ ಮುಂದೆ ನಿಂತು ಎಲ್ಲ ಓಡಾಡಿದರು, ಕಾರ್ಡ್ ಉಜ್ಜಿ ದುಡ್ಡು ಕಟ್ಟಿದರು, ಫಾರಂಗೆ ಸಹಿ ಹಾಕಿದರು. ವರ್ಷ ಕಳೆದ ಮೇಲೆ ಸಮಾಧಿಗೊಂದು ಕಲ್ಲು ನಿಲ್ಲಿಸೋಣ ಅಂತ ಮಗ ಹೋದರೆ, ಸ್ಮಶಾನದ ಕಚೇರಿಯವರು ಮಾಲೀಕರ ಸಹಿ ಕೇಳಿದರು. ಮಾಲೀಕರು ಅಂದರೆ ಭಾವ! ಅಷ್ಟರಲ್ಲಿ ಅವರು ಕೆನಡಾ ಸೇರಿಯಾಗಿತ್ತು. ಹೆತ್ತ ಮಗನ ಸಹಿಗೆ ಅಲ್ಲಿ ಬೆಲೆ ಇರಲಿಲ್ಲ. ಕಾಗದ ಹೋಗಿ ಬರಲು ನಾಲ್ಕು ತಿಂಗಳು ಹಿಡಿಯಿತು.

ಆ ಓಡಾಟದಲ್ಲಿ ನಾನೂ ಜೊತೆಗಿದ್ದೆ. ಅಲ್ಲಿ ಕಲಿತದ್ದು, ಆಮೇಲೆ ಬೇರೆಯವರ ಜೊತೆ ಹೋದಾಗ ಕಲಿತದ್ದು ಇಲ್ಲಿದೆ. ಇದು ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಮಾತ್ರ ಹೊಂದುತ್ತದೆ. ಸ್ಕಾಟ್ಲೆಂಡಿನ ಕಾನೂನು ಬೇರೆ. ಮಣ್ಣು ಮಾಡುವ ಕನ್ನಡಿಗರು ಲಿಂಗಾಯತರೊಬ್ಬರೇ ಏನಲ್ಲ. ಮಂಗಳೂರಿನ ಕ್ರೈಸ್ತರಿದ್ದಾರೆ, ಬ್ಯಾರಿಗಳಿದ್ದಾರೆ, ಭಟ್ಕಳದ ನವಾಯತರಿದ್ದಾರೆ, ಒಕ್ಕಲಿಗರಲ್ಲೂ ಎಷ್ಟೋ ಮನೆಗಳಿವೆ. ಸುಡುವ ಪದ್ಧತಿಯವರೂ ಎಳೆ ಮಗು ಹೋದರೆ ಹೂಳುತ್ತಾರೆ.

ಮೊದಲ ಕೆಲವು ದಿನ

ಊರಲ್ಲಿ ಬೆಳಿಗ್ಗೆ ಜೀವ ಹೋದರೆ ಸಂಜೆಯೊಳಗೆ ಮಣ್ಣಾಗುತ್ತದೆ. ಇಲ್ಲಿ ವಾರ, ಎರಡು ವಾರ, ಒಮ್ಮೊಮ್ಮೆ ಮೂರು ವಾರ. ಊರಿನಿಂದ ಫೋನ್ ಮಾಡಿ ‘ಇನ್ನೂ ಯಾಕೆ ಇಟ್ಕೊಂಡಿದ್ದೀರಿ’ ಅನ್ನುವವರಿಗೆ ಇದನ್ನು ಮೊದಲೇ ಹೇಳಿಬಿಡಿ.

2024ರ ಸೆಪ್ಟೆಂಬರ್ 9ರಿಂದ ಒಂದು ಹೊಸ ಹೆಜ್ಜೆ ಸೇರಿದೆ. ಕೊರೊನರ್ (ಸಾವಿನ ಕಾರಣ ತನಿಖೆ ಮಾಡುವ ಅಧಿಕಾರಿ) ಹತ್ತಿರ ಹೋಗದ ಪ್ರತಿ ಸಾವನ್ನೂ ಮೆಡಿಕಲ್ ಎಕ್ಸಾಮಿನರ್ ಅನ್ನುವ ಇನ್ನೊಬ್ಬ ಹಿರಿಯ ವೈದ್ಯರು ಪರಿಶೀಲಿಸುತ್ತಾರೆ. ಅವರ ಕಚೇರಿ ಸಾವಿನ ಕಾರಣದ ಪತ್ರವನ್ನು ನೇರವಾಗಿ ರಿಜಿಸ್ಟ್ರಾರ್‌ಗೆ ಕಳಿಸುತ್ತದೆ. ಅದು ತಲುಪಿದ ಮೇಲೆ ಐದು ದಿನದೊಳಗೆ ನೋಂದಣಿ ಮಾಡಿಸಬೇಕು. ಆಗ ರಿಜಿಸ್ಟ್ರಾರ್ ಕೊಡುವ ಹೂಳುವ ಅನುಮತಿಯ ಕಾಗದವನ್ನು ಎಲ್ಲರೂ ‘ಗ್ರೀನ್ ಫಾರಂ’ ಅಂತ ಕರೆಯುತ್ತಾರೆ. ಅದಕ್ಕೆ ದುಡ್ಡಿಲ್ಲ. ಸ್ಮಶಾನದವರು ಮೊದಲು ಕೇಳುವುದು ಅದನ್ನೇ. ಸಾವು ಹಠಾತ್ತಾಗಿ ಆಗಿದ್ದರೆ ಅಥವಾ ಕಾರಣ ತಿಳಿಯದಿದ್ದರೆ ವಿಷಯ ಕೊರೊನರ್‌ಗೆ ಹೋಗುತ್ತದೆ. ಆಗ ಅವರ ಆದೇಶ ಬರುವವರೆಗೆ ಕಾಯಬೇಕು.

ಮರಣ ಪತ್ರದ ಒಂದು ಪ್ರತಿಗೆ 2024ರ ಏಪ್ರಿಲ್‌ನಿಂದ 12.50 ಪೌಂಡ್. ಊರಲ್ಲಿ ಜಮೀನು, ಬ್ಯಾಂಕು, ಪಿಂಚಣಿ ಏನಾದರೂ ಇದ್ದರೆ ಐದಾರು ಪ್ರತಿ ಒಟ್ಟಿಗೇ ತೆಗೆದುಕೊಳ್ಳಿ.

ಅಂತ್ಯಕ್ರಿಯೆಯ ಏರ್ಪಾಡು ಮಾಡಿಕೊಡುವ ಫ್ಯೂನರಲ್ ಡೈರೆಕ್ಟರ್ ಇರಲೇಬೇಕು ಅಂತ ಕಾನೂನಿಲ್ಲ. ಮನೆಯವರೇ ಕೌನ್ಸಿಲ್‌ನ (ಇಲ್ಲಿನ ಸ್ಥಳೀಯ ಆಡಳಿತದ) ಸೆಮೆಟರಿ ಆಫೀಸಿಗೆ ಫೋನ್ ಮಾಡಿ ದಿನ ಗೊತ್ತು ಮಾಡಬಹುದು. ಆದರೂ ದೇಹವನ್ನು ಎರಡು ವಾರ ತಂಪಿನಲ್ಲಿ ಇಡಬೇಕು, ಸಾಗಿಸಬೇಕು, ಇಳಿಸಬೇಕು. ಹೆಚ್ಚಿನವರು ಡೈರೆಕ್ಟರ್ ಹಿಡಿಯುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಬೇಗ ಮಣ್ಣು ಮಾಡಬೇಕಾದ ಮುಸ್ಲಿಂ ಕುಟುಂಬಗಳಿಗಾಗಿ ಹಲವು ಕೌನ್ಸಿಲ್‌ಗಳು ವಾರಾಂತ್ಯದಲ್ಲೂ ಸಿಬ್ಬಂದಿ ಇಟ್ಟಿರುತ್ತವೆ. ಅದನ್ನು ಕೇಳಿ ನೋಡಿ.

ನೀವು ಕೊಳ್ಳುವುದು ಏನನ್ನು?

‘ಜಾಗ ಕೊಂಡುಕೊಂಡ್ವಿ’ ಅಂತ ನಾವು ಸುಮ್ನೆ ಮಾತಿಗೆ ಹೇಳುತ್ತೇವೆ. ನೆಲ ಯಾವತ್ತೂ ಕೌನ್ಸಿಲ್‌ದೇ. ಕೈಗೆ ಬರುವುದು ‘ಎಕ್ಸ್‌ಕ್ಲೂಸಿವ್ ರೈಟ್ ಆಫ್ ಬರಿಯಲ್’. ಅಂದರೆ ಆ ಗುಂಡಿಯಲ್ಲಿ ಯಾರನ್ನು ಹೂಳಬೇಕು ಅಂತ ತೀರ್ಮಾನಿಸುವ ಹಕ್ಕು, ಅದೂ ಇಂತಿಷ್ಟು ವರ್ಷಕ್ಕೆ. ಪಹಣಿಗಿಂತ ಗೇಣಿ ಚೀಟಿಗೆ ಹತ್ತಿರ ಅನ್ನಬಹುದು. ಕೌನ್ಸಿಲ್ ಸ್ಮಶಾನಗಳಿಗೆಲ್ಲ 1977ರ ಒಂದು ಆದೇಶವೇ ಆಧಾರ. ಅದರ ಪ್ರಕಾರ ಒಂದು ಸಲಕ್ಕೆ 100 ವರ್ಷಕ್ಕಿಂತ ಜಾಸ್ತಿ ಕೊಡುವ ಹಾಗಿಲ್ಲ. 50, 75, 99 ವರ್ಷ ಅಂತ ಒಂದೊಂದು ಊರಲ್ಲಿ ಒಂದೊಂದು ಲೆಕ್ಕ. ಮುಗಿಯುವ ಮೊದಲು ವಿಸ್ತರಿಸಿಕೊಳ್ಳಬಹುದು.

ಹಕ್ಕು ಕೊಳ್ಳದೆಯೂ ಹೂಳಬಹುದು. ಅದಕ್ಕೆ ಪಬ್ಲಿಕ್ ಗ್ರೇವ್ ಅನ್ನುತ್ತಾರೆ. ಖರ್ಚು ಕಮ್ಮಿ. ಆದರೆ ಅದೇ ಗುಂಡಿಯಲ್ಲಿ ಗುರುತು ಪರಿಚಯವಿಲ್ಲದ ಬೇರೆಯವರನ್ನೂ ಹೂಳಬಹುದು, ಕಲ್ಲು ನಿಲ್ಲಿಸುವ ಹಕ್ಕೂ ಸಿಗುವುದಿಲ್ಲ. ಅವಸರದಲ್ಲಿ ಇದಕ್ಕೆ ಒಪ್ಪಿಕೊಂಡು ಆಮೇಲೆ ಕೊರಗಿದವರನ್ನು ನೋಡಿದ್ದೇನೆ.

ದರಪಟ್ಟಿಯಲ್ಲಿ ಮೂರು ಸಾಲು ಬೇರೆ ಬೇರೆ ಇರುತ್ತವೆ. ಹಕ್ಕಿನ ಶುಲ್ಕ, ಗುಂಡಿ ತೋಡಿ ಹೂಳುವ ಶುಲ್ಕ, ಕಲ್ಲಿನ ಪರವಾನಗಿ ಶುಲ್ಕ. ಮೊದಲನೆಯದನ್ನಷ್ಟೇ ನೋಡಿ ಲೆಕ್ಕ ಹಾಕಬೇಡಿ. ಆ ಕೌನ್ಸಿಲ್ ವ್ಯಾಪ್ತಿಯಲ್ಲಿ ವಾಸ ಇಲ್ಲದವರಿಗೆ ಎರಡು ಪಟ್ಟು, ಮೂರು ಪಟ್ಟು ದರ ಇರುವುದು ಸಾಮಾನ್ಯ. ಕೆಲವು ಕಡೆ ಸತ್ತವರ ವಿಳಾಸ ನೋಡುತ್ತಾರೆ, ಕೆಲವು ಕಡೆ ಕೊಳ್ಳುವವರದ್ದು. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನ ವಿಷಯದಲ್ಲಿ ಇದೇ ದೊಡ್ಡ ಪ್ರಶ್ನೆಯಾಗುತ್ತದೆ. ಬಾಯಿಮಾತಿನ ಉತ್ತರ ಬೇಡ, ಇಮೇಲ್‌ನಲ್ಲಿ ತರಿಸಿಕೊಳ್ಳಿ. ವಯಸ್ಸಾದವರು ಕೇರ್ ಹೋಮ್‌ಗೆಂದು ಪಕ್ಕದ ಊರಿಗೆ ಹೋಗಿದ್ದರೆ, ಹಳೆಯ ವಿಳಾಸವನ್ನೇ ಲೆಕ್ಕಕ್ಕೆ ಹಿಡಿಯುವ ಕೌನ್ಸಿಲ್‌ಗಳೂ ಇವೆ.

ಆ ಗಡಿಬಿಡಿಯಲ್ಲಿ ಯಾರಿಗೂ ಹೊಳೆಯದ ಇನ್ನೊಂದು ಪ್ರಶ್ನೆ, ಆಳ. ಒಬ್ಬರಿಗೋ, ಇಬ್ಬರಿಗೋ, ಮೂವರಿಗೋ? ಮೊದಲನೆಯವರನ್ನು ಹೂಳುವಾಗಲೇ ಅಷ್ಟು ಆಳ ತೋಡಿರಬೇಕು. ಒಬ್ಬರ ಲೆಕ್ಕಕ್ಕೆ ತೋಡಿದ್ದರೆ ಮುಂದೆ ಅಪ್ಪನನ್ನು ಅಮ್ಮನ ಜೊತೆ ಇಡಲು ಆಗುವುದಿಲ್ಲ.

ಕೂರಿಸಿ ಮಣ್ಣು ಮಾಡಬಹುದಾ?

ಲಿಂಗಾಯತರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ಊರಲ್ಲಿ ವಿಭೂತಿ ಹಚ್ಚಿ, ಇಷ್ಟಲಿಂಗ ಅಂಗೈಯಲ್ಲಿಟ್ಟು, ಕೂತ ಭಂಗಿಯಲ್ಲಿ ಸಮಾಧಿ ಮಾಡುತ್ತೇವೆ. ಇಲ್ಲಿನ ಗುಂಡಿಗಳನ್ನು ಮಲಗಿಸುವ ಲೆಕ್ಕಕ್ಕೇ ತೋಡುತ್ತಾರೆ. 1977ರ ಆದೇಶದ ಪ್ರಕಾರ ಪೆಟ್ಟಿಗೆಯ ಮೇಲ್ಭಾಗ ನೆಲಮಟ್ಟದಿಂದ 3 ಅಡಿ ಕೆಳಗಿರಬೇಕು. ಮಣ್ಣು ಒಳ್ಳೆಯದಿದ್ದರೆ 2 ಅಡಿ ಸಾಕು. ಕೂತ ದೇಹಕ್ಕೆ ಎತ್ತರ ಜಾಸ್ತಿ, ಹಾಗಾಗಿ ಗುಂಡಿಯೂ ಆಳ ಆಗಬೇಕು, ಅಗಲವೂ ಬೇಕು, ಪೆಟ್ಟಿಗೆಯನ್ನೂ ಬೇರೆಯಾಗಿ ಮಾಡಿಸಬೇಕು. ಅದಲ್ಲದೆ ಆಸ್ಪತ್ರೆಯ ಶವಾಗಾರದಲ್ಲಿ ದೇಹವನ್ನು ದಿನಗಟ್ಟಲೆ ಮಲಗಿಸಿಯೇ ಇಟ್ಟಿರುತ್ತಾರೆ. ಕೂರಿಸಲೇಬೇಕು ಅಂತಿದ್ದರೆ ಕಾಯಿಲೆ ಹಿಡಿದಿರುವಾಗಲೇ ಸೆಮೆಟರಿ ಮ್ಯಾನೇಜರ್ ಜೊತೆ ಮಾತಾಡಿ. ಸಾವಿನ ಮರುದಿನ ಈ ಮಾತು ಎತ್ತಿದರೆ ಯಾರಿಗೂ ಸಮಯ ಇರುವುದಿಲ್ಲ. ನನಗೆ ಗೊತ್ತಿರುವ ಮನೆಯವರೆಲ್ಲ ಕೊನೆಗೆ ಮಲಗಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಬಿಲ್ವಪತ್ರೆ ವಿಭೂತಿ ಹಾಕಿ ಮಣ್ಣು ಮಾಡಿದರು. ಜಂಗಮರು ಊರಿನಿಂದಲೇ ವಿಡಿಯೋ ಕರೆಯಲ್ಲಿ ಮಂತ್ರ ಹೇಳಿದರು.

ಪೆಟ್ಟಿಗೆ ಬೇಡ, ಬಟ್ಟೆಯಲ್ಲೇ ಸುತ್ತಿ ಇಳಿಸುತ್ತೇವೆ ಅಂದರೆ ಹಲವು ಕೌನ್ಸಿಲ್‌ಗಳು ಒಪ್ಪುತ್ತವೆ. ಮಣ್ಣನ್ನು ಮನೆಯವರೇ ಎಳೆಯಬೇಕು ಅನ್ನುವುದಿದ್ದರೂ ಮೊದಲೇ ಹೇಳಿ. ಇಲ್ಲದಿದ್ದರೆ ನಾಲ್ಕು ಹಿಡಿ ಮಣ್ಣು ಹಾಕಿಸಿ, ನೀವು ಕಾರು ಹತ್ತಿದ ಮೇಲೆ ಪುಟ್ಟ ಜೆಸಿಬಿ ತಂದು ಮುಚ್ಚುತ್ತಾರೆ. ಗುರುತಿಗೆ ತಾತ್ಕಾಲಿಕವಾಗಿ ಮರದ ಶಿಲುಬೆ ನೆಡುವ ರೂಢಿಯೂ ಇದೆ. ಬೇಡವಾದರೆ ಬರೀ ಮರದ ಗೂಟ ಸಾಕು ಅನ್ನಿ.

ಸ್ಮಶಾನದ ಒಂದು ಭಾಗ ಚರ್ಚ್ ಆಫ್ ಇಂಗ್ಲೆಂಡ್‌ನವರು ಪ್ರತಿಷ್ಠೆ ಮಾಡಿದ ನೆಲ ಆಗಿರುತ್ತದೆ. ಉಳಿದದ್ದು ಎಲ್ಲರಿಗೂ. ಬೇರೆ ಧರ್ಮದವರಿಗೆ ಪ್ರತ್ಯೇಕ ಭಾಗ ಬಿಡುವ ಪದ್ಧತಿಯೂ ಇದೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನ ಕನಸು ಕಂಡ ಜಮ್‌ಶೇಟ್‌ಜಿ ಟಾಟಾ ಮಲಗಿರುವುದು ವೋಕಿಂಗ್ ಹತ್ತಿರದ ಬ್ರೂಕ್‌ವುಡ್ ಸ್ಮಶಾನದ ಪಾರ್ಸಿ ಭಾಗದಲ್ಲಿ. ನೋಡಬೇಕಾದ ಜಾಗ. ಜಾಗ ಆರಿಸುವಾಗ ಮಾತ್ರ ಸರಿಯಾಗಿ ಯೋಚಿಸಿ. ಒಮ್ಮೆ ಹೂತ ಮೇಲೆ ಹೊರತೆಗೆಯಲು ಸಾಮಾನ್ಯ ನೆಲವಾದರೆ ಮಿನಿಸ್ಟ್ರಿ ಆಫ್ ಜಸ್ಟಿಸ್‌ನ ಪರವಾನಗಿ ಬೇಕು, ಪ್ರತಿಷ್ಠೆಯಾದ ನೆಲವಾದರೆ ಚರ್ಚಿನ ಅನುಮತಿ. ಎರಡೂ ಸುಲಭಕ್ಕೆ ಸಿಗುವಂಥದ್ದಲ್ಲ.

ಡೀಡ್‌ನಲ್ಲಿ ಯಾರ ಹೆಸರು?

ಹಾವೇರಿಯವರ ಕಥೆಗೆ ಬರೋಣ. ಸಾಮಾನ್ಯವಾಗಿ ಅರ್ಜಿಗೆ ಸಹಿ ಹಾಕಿದವರ ಹೆಸರಿಗೇ ಡೀಡ್, ಅಂದರೆ ಹಕ್ಕುಪತ್ರ, ಬರುತ್ತದೆ. ದುಡ್ಡು ಯಾರದ್ದು, ರಕ್ತ ಯಾರದ್ದು ಅಂತ ಕೌನ್ಸಿಲ್ ನೋಡುವುದಿಲ್ಲ. ಆ ಗುಂಡಿಯನ್ನು ಮತ್ತೆ ತೆರೆಯಲು, ಕಲ್ಲು ನಿಲ್ಲಿಸಲು, ಕಲ್ಲಿಗೆ ಇನ್ನೊಂದು ಹೆಸರು ಸೇರಿಸಲು ಡೀಡ್‌ನಲ್ಲಿರುವವರ ಲಿಖಿತ ಒಪ್ಪಿಗೆ ಬೇಕು. ಇಬ್ಬರ ಹೆಸರಿದ್ದರೆ ಇಬ್ಬರ ಸಹಿಯೂ ಬೇಕು. ಹಾಗಾಗಿ ಭಾವ, ಮಾವ, ಸ್ನೇಹಿತ ಯಾರು ಬೇಕಾದರೂ ಓಡಾಡಲಿ, ದುಡ್ಡೂ ಕಟ್ಟಲಿ, ಮಾಲೀಕರ ಜಾಗದಲ್ಲಿ ಮಾತ್ರ ಮಕ್ಕಳೋ ಗಂಡನೋ ಹೆಂಡತಿಯೋ ಸಹಿ ಹಾಕಲಿ. ನನ್ನ ಲೆಕ್ಕದಲ್ಲಿ ಎರಡು ಹೆಸರು ಒಳ್ಳೆಯದು, ನಾಲ್ಕು ಹೆಸರು ತಲೆನೋವು.

ಮಾಲೀಕರೇ ತೀರಿಕೊಂಡರೆ ಅವರನ್ನು ಅಲ್ಲಿ ಹೂಳಲು ಬೇರೆಯವರ ಒಪ್ಪಿಗೆ ಬೇಡ. ಆದರೆ ಅವರು ಒಳಗೆ ಹೋದ ಮೇಲೆ ಕಲ್ಲಿನ ಫಾರಂಗೆ ಸಹಿ ಹಾಕುವವರು ಯಾರು? ಮೊದಲು ಹಕ್ಕು ವರ್ಗ ಆಗಬೇಕು. ವಿಲ್ ಇದ್ದು ಪ್ರೊಬೇಟ್ (ವಿಲ್‌ಗೆ ಕೋರ್ಟಿನ ಮಂಜೂರಾತಿ) ಆಗಿದ್ದರೆ ಅದರ ಪ್ರತಿ ಕೊಟ್ಟು ಮಾಡಿಸಬಹುದು. ಅದೇನೂ ಇಲ್ಲ, ಆಸ್ತಿಯೂ ಚಿಕ್ಕದು ಅನ್ನುವಾಗ ಸ್ಟ್ಯಾಚುಟರಿ ಡಿಕ್ಲರೇಷನ್ ಮಾಡಿಸುತ್ತಾರೆ. ನಾಡಕಚೇರಿಗೆ ಹೋಗಿ ವಂಶವೃಕ್ಷ ಮಾಡಿಸಿದ ಹಾಗೇ ಅಂದುಕೊಳ್ಳಿ. ಮನೆಯಲ್ಲಿ ಯಾರ್ಯಾರಿದ್ದಾರೆ, ಹಕ್ಕು ಯಾರಿಗೆ ಬರಬೇಕು ಅಂತ ಬರೆದು ಸಾಲಿಸಿಟರ್ ಎದುರು ಪ್ರಮಾಣ ಮಾಡಬೇಕು. ಪ್ರಮಾಣಕ್ಕೆ ಗೊತ್ತುಪಡಿಸಿದ ಶುಲ್ಕ 5 ಪೌಂಡ್, ಜೊತೆಗಿಡುವ ಒಂದೊಂದು ದಾಖಲೆಗೆ 2 ಪೌಂಡ್. ಆ ಕಾಗದವನ್ನು ಸಾಲಿಸಿಟರ್ ಕೈಯಲ್ಲೇ ಬರೆಸಿದರೆ ಬಿಲ್ಲು ಬೇರೆ. ಹೆಚ್ಚಿನ ಕೌನ್ಸಿಲ್‌ಗಳ ಹತ್ತಿರ ತಯಾರಾದ ನಮೂನೆ ಇರುತ್ತದೆ, ಅದನ್ನೇ ಕೇಳಿ. ಮಾಲೀಕರು ಬದುಕಿದ್ದು ಹಕ್ಕು ಬಿಟ್ಟುಕೊಡುವುದಾದರೆ ಅಸೈನ್‌ಮೆಂಟ್ ಪತ್ರ ಸಾಕು. ಕೆನಡಾದ ಭಾವ ಮಾಡಿದ್ದು ಅದನ್ನೇ.

ಕಲ್ಲು, ಮತ್ತು ನಮ್ಮ ಒತ್ತಕ್ಷರ

ಮಣ್ಣು ಕುಳಿತುಕೊಳ್ಳಲು ಆರು ತಿಂಗಳು, ಒಂದು ವರ್ಷ ಬೇಕು. ಅಲ್ಲಿಯವರೆಗೆ ಕಲ್ಲಿಗೆ ಅನುಮತಿ ಸಿಗುವುದು ಕಷ್ಟ. ಊರಿನ ಹಾಗೆ ಸುತ್ತ ಕಟ್ಟೆ ಕಟ್ಟಿಸಬೇಕು ಅನ್ನುವ ಆಸೆ ಇದ್ದರೆ ಜಾಗ ಕೊಳ್ಳುವಾಗಲೇ ಕೇಳಬೇಕು. ಲಾನ್ ವಿಭಾಗದಲ್ಲಿ ತಲೆಯ ಕಡೆ ಒಂದು ಕಲ್ಲು ಅಷ್ಟೇ, ಉಳಿದದ್ದೆಲ್ಲ ಹುಲ್ಲು. ಅಲ್ಲಿ ತುಳಸಿ ನೆಟ್ಟರೆ ಹುಲ್ಲು ಕತ್ತರಿಸುವ ಯಂತ್ರಕ್ಕೆ ಆಹುತಿ. ಗಾಜಿನ ಹಣತೆ, ಬಾಟಲಿ ಇಡಲು ಹೆಚ್ಚಿನ ಕಡೆ ಬಿಡುವುದಿಲ್ಲ. ಕಟ್ಟೆಗೆ ಅವಕಾಶ ಇರುವ ವಿಭಾಗ ಬೇರೆ ಇರುತ್ತದೆ, ಅಲ್ಲಿ ದರ ಜಾಸ್ತಿ.

ಕಲ್ಲು ನಿಲ್ಲಿಸುವವರು ಬ್ರ್ಯಾಮ್ ಅಥವಾ ನ್ಯಾಮ್ ಸಂಸ್ಥೆಗಳಲ್ಲಿ ನೋಂದಾಯಿತರಾಗಿರಬೇಕು ಅಂತ ಕೌನ್ಸಿಲ್‌ಗಳು ಸಾಮಾನ್ಯವಾಗಿ ಕೇಳುತ್ತವೆ. ಇದು ಸುಮ್ನೆ ಕಾಟ ಕೊಡಲು ಮಾಡಿದ ನಿಯಮವಲ್ಲ. ಸಡಿಲ ಕಲ್ಲು ಉರುಳಿ ಮಕ್ಕಳು ಸತ್ತದ್ದು ಈ ದೇಶದಲ್ಲಿ ಆಗಿದೆ. ಅದಕ್ಕೇ ಕಲ್ಲು ಗಟ್ಟಿ ಇದೆಯಾ ಅಂತ ಆಗಾಗ ತಳ್ಳಿ ನೋಡುತ್ತಾರೆ. ಅಲ್ಲಾಡಿದರೆ ಮಲಗಿಸಿಬಿಡುತ್ತಾರೆ. ಸರಿ ಮಾಡಿಸುವ ಖರ್ಚು ಮಾಲೀಕರದ್ದು.

ಇಲ್ಲಿ ಮಾರುವ ಕಪ್ಪು ಗ್ರಾನೈಟ್ ಎಷ್ಟೋ ಭಾರತದಿಂದಲೇ ಬರುತ್ತದೆ. ಕಲ್ಲು ನಮ್ಮದು, ಕೆತ್ತುವವರಿಗೆ ನಮ್ಮ ಅಕ್ಷರ ಗೊತ್ತಿಲ್ಲ. ಕನ್ನಡದಲ್ಲಿ ಬರೆಸಲು ಅಡ್ಡಿಯಿಲ್ಲ, ಅರ್ಜಿಯ ಜೊತೆ ಇಂಗ್ಲಿಷ್ ಅನುವಾದ ಕೇಳುತ್ತಾರೆ ಅಷ್ಟೇ. ಅಪಾಯ ಇರುವುದು ಕಂಪ್ಯೂಟರ್‌ನಲ್ಲಿ. ನೀವು ಇಮೇಲ್‌ನಲ್ಲಿ ‘ಸ್ಮರಣಾರ್ಥ’ ಅಂತ ಕಳಿಸುತ್ತೀರಿ. ಅವರ ಕೆತ್ತನೆಯ ಸಾಫ್ಟ್‌ವೇರ್‌ಗೆ ಅಂಟಿಸಿದಾಗ ಅದು ‘ಸ್‌ಮರಣಾರ್‌ಥ’ ಆಗಿ ಕೂತಿರುತ್ತದೆ. ಅವರ ಕಣ್ಣಿಗೆ ಎರಡೂ ಒಂದೇ! ಹಾವೇರಿಯವರ ಕಲ್ಲಿನ ಮೊದಲ ನಕ್ಷೆಯಲ್ಲಿ ‘ಶ್ರೀಮತಿ’ಯೇ ಮುರಿದುಬಿದ್ದಿತ್ತು. ಅದಕ್ಕೇ ಅಕ್ಷರವನ್ನು ಟೈಪ್ ಮಾಡಿ ಕಳಿಸಬೇಡಿ. ಡಿಸೈನ್ ಗೊತ್ತಿರುವವರಿಂದ ಗೆರೆಚಿತ್ರವಾಗಿ ಬದಲಿಸಿದ ಪಿಡಿಎಫ್ ಮಾಡಿಸಿ ಕಳಿಸಿ. ನಕ್ಷೆ ಬಂದಾಗ ಕನ್ನಡ ಓದುವ ಇಬ್ಬರು ಬೇರೆ ಬೇರೆ ಕೂತು ನೋಡಲಿ. ದುಃಖದಲ್ಲಿರುವ ಮಕ್ಕಳ ಕಣ್ಣು ತಪ್ಪನ್ನು ಹಿಡಿಯುವುದಿಲ್ಲ. ಕೆಳಗೆ ಸ್ವಲ್ಪ ಜಾಗ ಖಾಲಿ ಬಿಡಿಸಿ, ಮುಂದೆ ಇನ್ನೊಂದು ಹೆಸರು ಬರಬೇಕಾದೀತು.

ದುಡ್ಡಿನ ನೆರವು

18 ವರ್ಷದೊಳಗಿನ ಮಗು, ಅಥವಾ 24 ವಾರ ದಾಟಿದ ಮೇಲೆ ಹೊಟ್ಟೆಯಲ್ಲೇ ಹೋದ ಮಗು ಆಗಿದ್ದರೆ ಇಂಗ್ಲೆಂಡಿನಲ್ಲಿ ಹೂಳುವ ಶುಲ್ಕವನ್ನು ಸರ್ಕಾರವೇ ಕೊಡುತ್ತದೆ. 2019ರ ಜುಲೈನಿಂದ ಇರುವ ಈ ನಿಧಿಗೆ ಮನೆಯ ಆದಾಯ ಲೆಕ್ಕಕ್ಕಿಲ್ಲ. ದೊಡ್ಡವರ ವಿಷಯದಲ್ಲಿ ಯೂನಿವರ್ಸಲ್ ಕ್ರೆಡಿಟ್‌ನಂಥ ನೆರವು ಪಡೆಯುವವರು ಅಂತ್ಯಕ್ರಿಯೆಯಾಗಿ ಆರು ತಿಂಗಳೊಳಗೆ ಫ್ಯೂನರಲ್ ಎಕ್ಸ್‌ಪೆನ್ಸಸ್ ಪೇಮೆಂಟ್‌ಗೆ ಅರ್ಜಿ ಹಾಕಬಹುದು. ವೀಸಾದಲ್ಲಿ ಪಬ್ಲಿಕ್ ಫಂಡ್ಸ್ (ಸರ್ಕಾರದ ಹಣದ ನೆರವು) ಇಲ್ಲ ಅಂತ ಬರೆದಿದ್ದರೆ ಈ ಎರಡನೆಯದಕ್ಕೆ ಕೈ ಹಾಕಬೇಡಿ.

ಅವಧಿ ಮುಗಿದರೆ?

ಹಕ್ಕಿನ ವರ್ಷ ಮುಗಿದ ತಕ್ಷಣ ಯಾರೂ ಗುಂಡಿ ಅಗೆಯುವುದಿಲ್ಲ. ಆದರೆ ಅಲ್ಲಿ ಇನ್ನೊಬ್ಬರನ್ನು ಹೂಳುವ ಹಕ್ಕು ನಿಮಗಿರುವುದಿಲ್ಲ, ಕಲ್ಲನ್ನೂ ತೆಗೆಯಬಹುದು. ಲಂಡನ್‌ನಲ್ಲಿ 2007ರ ಒಂದು ಕಾಯ್ದೆ ಇದೆ. ಹೂತು 75 ವರ್ಷ ದಾಟಿದ, ಹಕ್ಕು ರದ್ದಾದ ಗುಂಡಿಯನ್ನು ಅಲ್ಲಿನ ಕೌನ್ಸಿಲ್‌ಗಳು ನೋಟಿಸ್ ಕೊಟ್ಟು ಮತ್ತೆ ಬಳಸಬಹುದು. ನೋಟಿಸ್ ಆಗಲಿ, ನವೀಕರಣದ ಪತ್ರ ಆಗಲಿ ಬರುವುದು ಕೌನ್ಸಿಲ್ ದಾಖಲೆಯಲ್ಲಿರುವ ವಿಳಾಸಕ್ಕೆ. ಹಾವೇರಿಯವರು ಈಗ ಬೇರೆ ಊರಿಗೆ ಮನೆ ಬದಲಿಸಿದ್ದಾರೆ. ಬ್ಯಾಂಕಿಗೆ, ಡಾಕ್ಟರ್ ಕ್ಲಿನಿಕ್ಕಿಗೆ ಹೊಸ ವಿಳಾಸ ತಿಳಿಸಿದ ದಿನವೇ ಸೆಮೆಟರಿ ಆಫೀಸಿಗೂ ಒಂದು ಇಮೇಲ್ ಹಾಕಿದರು, ಡೀಡ್ ನಂಬರ್ ಸಮೇತ.